ರಬ್ಬರಿನ ಕಪ್ಪೆ

ಮನುಷ್ಯನಿಗೆ ಮೂವತ್ತೈದು ತುಂಬುವುದರೊಳಗಾಗಿ ಯಾವುದಾದರೊಂದು ಹುಚ್ಚು ಹಿಡಿಯಲೇಬೇಕೆಂಬುದು ಪ್ರಕೃತಿಯ ನಿಯಮವೋ ಏನೋ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರಿಗೆ ನಿವೇಶನದ ಹುಚ್ಚು, ಇನ್ನೊಬ್ಬರಿಗೆ ಗುಲಾಬಿಯ ಹುಚ್ಚು, ಮತ್ತೊಬ್ಬರಿಗೆ ಹತ್ತು ವರ್ಷಗಳಿಂದ ಮುಗಿಯದ ಮಹಾಪ್ರಬಂಧದ ಹುಚ್ಚು. ನನಗೆ ಹಿಡಿದದ್ದು ಮೀನಿನ ಹುಚ್ಚು. ಹಿಡಿದದ್ದು ಹುಚ್ಚೇ ಹೊರತು ಮೀನಲ್ಲವೆಂಬುದನ್ನು ವಾಚಕರು ದಯವಿಟ್ಟು ಗಮನಿಸಬೇಕು.

ಕಳೆದ ವರ್ಷ ಬೇಸಗೆಯ ರಜೆ ಮೊದಲಾಗುತ್ತಲೇ ನಾನು ಒಂದು ಉದ್ದನೆಯ ರಟ್ಟಿನ ಕೊಳವೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ನನ್ನಾಕೆಯ ಮುಖ ಅರಳಿತು.

"ಅಂತೂ ಕಿಟಕಿಗೆ ಪರದೆಯ ಸರಳು ತಂದಿರಲ್ಲ!" ಎಂದಳು.

ಕೊಳವೆಯಿಂದ ಸರಳು ಹೊರಬಂತು. ಅರಳಿದ ಮುಖ ಮೊಗ್ಗಾಯಿತು. ಆಕೆ ಕೋಲಿನ ಹಿಡಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದಳು.

"ಬಾಸ್ ಅಂತ ಬರೆದಿದೆ. ಏನೂಂದ್ರೆ, ನಿಮ್ಮ ಪ್ರಿನ್ಸಿಪಾಲರಿಗೆ ಗಾಳ ಹಾಕೋದಕ್ಕೆ ತಂದಿರೇನು?"

ಪ್ರಿನ್ಸಿಪಾಲರು ಅಂಥ ಗಾಳಕ್ಕೆ ಬೀಳುವವರಲ್ಲ. ಬಾಸ್ ಎಂಬುದು ಅಮೆರಿಕದ ಸರೋವರಗಳಲ್ಲಿರುವ ಒಂದು ಮೀನಿನ ಹೆಸರು. ಬಾಯಿ ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು, ಸಿಟ್ಟು ಎರಡಕ್ಕಿಂತಲೂ ದೊಡ್ಡದು. ಅದರ ಬೇಟೆಯನ್ನು ಕುರಿತು ಹೆನ್‌ಶಾಲ್ ಎಂಬ ವೈದ್ಯ 1881ರಷ್ಟು ಹಿಂದೆಯೇ ಒಂದು ದಪ್ಪ ಪುಸ್ತಕ ಬರೆದ. ಅಂದಿನಿಂದ ಆ ಒಂದು ಮೀನಿನ ಸಲುವಾಗಿ ಅಲ್ಲಿಯವರು ಕಂಡುಹಿಡಿದಿರುವ ಕೋಲು, ದಾರ, ಹುಸಿ ಎರೆಗಳಿಗೆ ಲೆಕ್ಕವಿಲ್ಲ. ನಮ್ಮ ಕಾವೇರಿ ಕಪಿಲೆಗಳಲ್ಲಿ ಆ ಮೀನಿಲ್ಲ. ಆದರೂ ಮೈಸೂರಿನಲ್ಲಿ ಗಾಳದ ಕೋಲು ಕೊಳ್ಳಲು ಹೋದವನ ಕೈಗೆ ಆ ಹೆಸರಿನ ಕೋಲೇ ಬರುತ್ತದೆ. ಇದೇನು ವಿಚಿತ್ರವೆಂದು ಅಂಗಡಿಯವನನ್ನು ಕೇಳಿದೆ. "ನಮ್ಮ ಕೊರವ ಮೀನೂ ಅದೇ ಜಾತಿ ಗುಣದ್ದು ಸಾರ್. ಜೊಂಡಿನಲ್ಲಿ ಅಡಗಿರುತ್ತೆ, ಮೇಲೆ ಕಪ್ಪೆ ಹೋದರೆ ಎಗರುತ್ತೆ. ಇದೇ ಸರಿಹೋಗುತ್ತೆ" ಎಂದ. ಕೊರವವನ್ನು ಕೆಲವು ಕಡೆ ಮುರಲು ಎಂದೂ ಕರೆಯುತ್ತಾರೆ. ಹಾವಿನಂಥ ತಲೆಯುಳ್ಳ, ನೀರಿನಿಂದ ತಲೆಯೆತ್ತಿ ಗಾಳಿ ಕುಡಿಯುವ ಮೀನು. ಅಂಗಡಿಯವನ ಮಾತು ಅಕ್ಷರಶಃ ನಿಜವಾಗಿತ್ತು. ಎಷ್ಟು ನಿಜವೆಂಬುದು ನನಗೆ ತಿಳಿದದ್ದು ಮಾತ್ರ ಬಹಳ ತಡವಾಗಿ.

ನನ್ನ ಬಾಲ್ಯ ಕಳೆದದ್ದು ಕಪಿಲೆಯ ದಡದ ಒಂದು ಹಳ್ಳಿಯಲ್ಲಿ, ಸೋದರಮಾವನ ಮನೆಯಲ್ಲಿ. ಮಾವನಿಗೆ ಕೋಲಿನ ಆಯ್ಕೆ ಒಂದು ಸಮಸ್ಯೆಯೇ ಆಗಿರಲಿಲ್ಲ. ಬಿದಿರ ಮೆಳೆಯಲ್ಲಿ ನೆಟ್ಟಗೆ ಬೆಳೆದ ಒಂದು ಎಳೆಯನ್ನು ಕಡಿದು ತಂದು, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದ. ಮುಂದಿನ ವರ್ಷ ಅದು ಕೋಲು. ಕೋಲಿನ ಉದ್ದವೇ ದಾರದ ಉದ್ದ. ಒಂದು ಬೆಂಡು, ಒಂದು ಗಾಳ, ತೆಂಗಿನ ಚಿಪ್ಪಿನ ತುಂಬ ಎರೆಹುಳು. ಒಟ್ಟು ಖರ್ಚು ಗಾಳದ ಬೆಲೆ ಮಾತ್ರ. ಹುಡುಗನ ಎತ್ತರಕ್ಕೆ ತಕ್ಕ ಕೋಲು ಕೊಡುತ್ತಿದ್ದನೇ ವಿನಾ, ಮೀನಿನ ಘನತೆಗೆ ತಕ್ಕ ಕೋಲಿನ ಮಾತು ಅಲ್ಲಿರಲಿಲ್ಲ.

ಈಗಿನ ಕೋಲಿಗೆ ವಿದ್ಯೆ ಬೇಕು. ಹಿಡಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಅದರ ಉದ್ದ, ಅದು ಎಷ್ಟು ಪೌಂಡಿನ ದಾರಕ್ಕೆ ತಕ್ಕುದು, ಎಷ್ಟು ಗ್ರಾಂ ತೂಕದ ಎರೆಯನ್ನು ಎಸೆಯಬಲ್ಲುದು ಎಂಬುದನ್ನು ಬರೆದಿರುತ್ತಾರೆ. ಬಣ್ಣ ನೋಡಿ ಕೊಳ್ಳುವವನು ಕೆಡುತ್ತಾನೆ. ಈ ಮೂರು ಅಂಕಿಗಳನ್ನು ಓದಿ ಕೊಳ್ಳುವವನು ಬಹುಮಟ್ಟಿಗೆ ಬದುಕುತ್ತಾನೆ. ಆರೂವರೆ ಏಳು ಅಡಿಯ ಕೋಲು ದಡದಿಂದ ಎಸೆಯುವವನಿಗೆ ಸಾಕು. ತುದಿ ಮಾತ್ರ ಬಾಗುವ ಬಿರುಸು ಕೋಲು ಜೊಂಡಿನೊಳಗಿಂದ ಮೀನನ್ನು ಎಳೆದು ತರಲು ಯೋಗ್ಯ. ಬುಡದವರೆಗೂ ಬಿಲ್ಲಿನಂತೆ ಬಾಗುವ ಮೆತ್ತನೆಯ ಕೋಲು ಬಯಲು ನೀರಿನಲ್ಲಿ ಮೀನಿನ ಜಗ್ಗಾಟವನ್ನು ತಾನೇ ನುಂಗಿಕೊಳ್ಳುತ್ತದೆ. ಗಾಜಿನ ನಾರಿನ ಕೋಲು ತೂಕ ಹೆಚ್ಚು, ಆಯುಸ್ಸೂ ಹೆಚ್ಚು. ಇಂಗಾಲದ ನಾರಿನ ಕೋಲು ಗರಿಯಂತೆ ಹಗುರ, ಮೀನು ಮೂಸಿದರೂ ಅಂಗೈಗೆ ತಿಳಿಯುತ್ತದೆ; ಆದರೆ ಬಸ್ಸಿನ ಬಾಗಿಲಿಗೆ ಸಿಕ್ಕಿದರೆ ಲಟಕ್ಕನೆ ಮುರಿಯುತ್ತದೆ. ಅಲ್ಲದೆ ಅದು ವಿದ್ಯುತ್ತನ್ನು ಹರಿಸುವ ವಸ್ತು. ಮುಂಗಾರಿನ ಗುಡುಗು ಕೇಳುತ್ತಲೇ ಅದನ್ನು ಕೆಳಗಿಡಬೇಕು. ವಿದ್ಯುತ್ ತಂತಿಯ ಕೆಳಗೆ ಎತ್ತಲೇಬಾರದು. ಈ ಮಾತನ್ನು ಯಾವ ಅಂಗಡಿಯವನೂ ನನಗೆ ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ.

ಕೋಲಿನ ತರುವಾಯ ದಾರ. ಹಿಂದೆ ನೂಲು, ರೇಷ್ಮೆ. 1930ರ ದಶಕದ ಕೊನೆಯಲ್ಲಿ ನೈಲಾನ್ ಬಂತು. ಅದನ್ನೇ ನಮ್ಮ ಕಡೆ ತಂಗೂಸಿ ಎನ್ನುವುದು. ಅಗ್ಗ, ನೀರಿನಲ್ಲಿ ಹೆಚ್ಚು ಕಾಣುವುದಿಲ್ಲ, ಎಳೆದರೆ ತುಸು ಹಿಗ್ಗುತ್ತದೆ. ಆ ಹಿಗ್ಗುವಿಕೆ ಹೊಸಬನ ತಪ್ಪುಗಳನ್ನೆಲ್ಲ ಕ್ಷಮಿಸುತ್ತದೆ. ಈಚಿನದು ಹಲವು ಎಳೆಗಳ ಹೆಣಿಗೆಯ ದಾರ. ಅದೇ ದಪ್ಪದ ತಂಗೂಸಿಗಿಂತ ಎಷ್ಟೋ ಪಾಲು ಬಲ; ಹಿಗ್ಗುವುದೆಂಬುದೇ ಇಲ್ಲ. ಜೊಂಡನ್ನು ಗರಗಸದಂತೆ ಕೊಯ್ದು ಬರುತ್ತದೆ, ಎಚ್ಚರ ತಪ್ಪಿದರೆ ಬೆರಳನ್ನೂ. ಆದರೆ ಬಂಡೆಯ ಅಂಚಿಗೆ ಉಜ್ಜಿದರೆ ಅದರ ಪ್ರತಾಪವೆಲ್ಲ ಮುಗಿಯಿತು. ಯಾವ ದಾರವೇ ಆಗಲಿ, ಕಡಿಯುವುದು ಗಂಟಿನಲ್ಲಿ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಬೇಕು. ಒಣ ಗಂಟು ತನ್ನ ಬಿಸಿಯಿಂದ ತನ್ನನ್ನೇ ಸುಟ್ಟುಕೊಳ್ಳುತ್ತದೆ.

ನಾನು ಮೊದಲು ಕೊಂಡದ್ದು ಆರು ಪೌಂಡಿನ ತೆಳು ತಂಗೂಸಿ. ತೆಳು ದಾರದಲ್ಲಿ ದೊಡ್ಡ ಮೀನು ಹಿಡಿಯುವುದೇ ಗಂಡಸುತನ, ಅದರಲ್ಲಿ ಮೀನಿಗೂ ಒಂದು ಅವಕಾಶವಿದೆ, ಅದೇ ಧರ್ಮಯುದ್ಧ ಎಂದು ಎಲ್ಲೋ ಓದಿದ್ದೆ. ಪಂಪನ ಕರ್ಣನನ್ನು ವರ್ಷವಿಡೀ ಪಾಠ ಹೇಳುವವನಿಗೆ ಧರ್ಮಯುದ್ಧವೆಂಬ ಮಾತು ಸಾಕಲ್ಲವೆ? ಪರವಾನಗಿ ಪಡೆದು ಕನ್ನಂಬಾಡಿಯ ಹಿನ್ನೀರಿಗೆ ಹೋದೆ. ಮೂರನೆಯ ಭಾನುವಾರ ಏನೋ ಒಂದು ದೊಡ್ಡದು ಕಚ್ಚಿತು. ರೀಲು ಕಿರ್ರನೆ ಕೂಗಿತು. ನಾನು ಕೋಲೆತ್ತಿದೆ. ಪಟ್ ಎಂದಿತು. ಅಷ್ಟೆ.

ಅಲ್ಲೇ ಸ್ವಲ್ಪ ದೂರದಲ್ಲಿ ಒಬ್ಬ ಮುದುಕ ಹರಿಗೋಲಿನ ಪಕ್ಕದಲ್ಲಿ ಕುಳಿತು ಬಲೆ ಹೊಲಿಯುತ್ತಿದ್ದ. ಹಿನ್ನೀರಿನಲ್ಲೇ ಹುಟ್ಟಿ ಬೆಳೆದವನು. ನಾನು ಅವನ ಕಡೆ ತಿರುಗಿ, ಸೋತರೂ ಉದಾರಿಯಾದ ವೀರನ ಧಾಟಿಯಲ್ಲಿ, "ಹೋಗಲಿ ಬಿಡಿ ಯಜಮಾನ್ರೆ, ಗೆದ್ದುಕೊಂಡು ಹೋಯಿತು" ಎಂದೆ.

ಮುದುಕ ತಲೆಯೆತ್ತದೆ ಹೇಳಿದ: "ಗೆದ್ದುಕೊಂಡು ಎಲ್ಲೋಯ್ತು ಮೇಷ್ಟ್ರೆ? ಬಾಯಿಗೆ ಬೀಗ ಹಾಕಿ ಕಳ್ಸುದ್ರಿ."

ಆ ದಿನ ಬಸ್ಸಿನಲ್ಲಿ ಮೈಸೂರು ಮುಟ್ಟುವವರೆಗೂ ಆ ಬೀಗ ನನ್ನ ಗಂಟಲಲ್ಲೇ ಇತ್ತು. ಮರುದಿನ ದಾರ ಬದಲಾಯಿಸಿದೆ. ಹಿಡಿಯಬೇಕೆಂದರೆ ಹಿಡಿಯುವಷ್ಟು, ಬಿಡಬೇಕೆಂದರೆ ಗಾಳವನ್ನು ಬಿಡಿಸಿ ಬಿಡುವಷ್ಟು ಬಲವುಳ್ಳ ದಾರ ಬೇಕು. ತೆಳು ದಾರದ ಧರ್ಮ ಮೀನಿಗಲ್ಲ, ಹಿಡಿಯುವವನ ಹೆಮ್ಮೆಗೆ. ಗಾಳದ ಹಿಮ್ಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಟ್ಟ ಮಾಡಿದೆ. ದಾರ ಕಡಿದರೂ ಮೀನು ಅದನ್ನು ಒದರಿಕೊಳ್ಳುವ ಸಂಭವ ಹೆಚ್ಚು.

ಕನ್ನಡದ ಮೇಷ್ಟರಿಗೆ ಈ ಗೀಳು ತಕ್ಕುದೇ ಎಂದು ಕೇಳುವವರುಂಟು. ಅವರಿಗೆ ನಾನು ಪೂರ್ಣಚಂದ್ರ ತೇಜಸ್ವಿಯವರನ್ನು ಮುಂದೆ ಮಾಡುತ್ತೇನೆ. ಮೂಡಿಗೆರೆಯ ಹೊಳೆಗಳಲ್ಲಿ ಅವರು ಗಾಳ ಹಾಕಿ ಕಾದು ಕೂತದ್ದನ್ನು ಅರಿಯದ ಕನ್ನಡಿಗನಿಲ್ಲ. ಅಷ್ಟಕ್ಕೂ ಒಪ್ಪದವರಿಗೆ ಚಕ್ರವರ್ತಿಯನ್ನೇ ಕರೆತರುತ್ತೇನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ, ಸರ್ವಜ್ಞನೆಂದು ಬಿರುದು ಪಡೆದವನು, ಹನ್ನೆರಡನೆಯ ಶತಮಾನದ ಮೊದಲ ಅರ್ಧದಲ್ಲಿ 'ಮಾನಸೋಲ್ಲಾಸ'ವೆಂಬ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ ರಚಿಸಿದ. 'ಅಭಿಲಷಿತಾರ್ಥಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಆ ಹೆಸರಿನಲ್ಲೇ ಅದರ ಒಂದು ಭಾಗವನ್ನು ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ, 1926ರಲ್ಲಿ ನಮ್ಮ ಮೈಸೂರಿನಲ್ಲೇ ಪ್ರಕಟವಾಯಿತು. ರಾಜನ ವಿನೋದಗಳನ್ನು ಹೇಳುವ ಕಡೆ 'ಮತ್ಸ್ಯವಿನೋದ'ವೆಂಬ ಅಧ್ಯಾಯವೊಂದುಂಟು. ಮೀನುಗಳ ಜಾತಿಗಳು, ಅವುಗಳ ವಾಸದ ನೀರು, ಯಾವ ಮೀನಿಗೆ ಯಾವ ಆಹಾರ, ಗಾಳ, ದಾರ, ಕೋಲು, ಎಲ್ಲವೂ ಅಲ್ಲಿ ಬಂದಿವೆ. ಸಾಮ್ರಾಜ್ಯ ಆಳುವವನಿಗೆ ದಾರದ ಬಗ್ಗೆ ಯೋಚಿಸಲು ಬಿಡುವಿದ್ದ ಮೇಲೆ, ವಾರಕ್ಕೆ ಹದಿನಾರು ತರಗತಿ ಮಾಡುವವನಿಗೆ ಇರಬಾರದೆ?

ಸೋಮೇಶ್ವರ ಮುಗಿದ ಮೇಲೆ ಏಳು ನೂರಕ್ಕೂ ಹೆಚ್ಚು ವರ್ಷ ಕಳೆದು, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷರವನು 'ದಿ ರಾಡ್ ಇನ್ ಇಂಡಿಯಾ' ಬರೆದ. 1873ರಲ್ಲಿ ಅದು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಅವನ ಕಥಾನಾಯಕ ಮಹಸೀರ್, ಕಾವೇರಿಯ ನಮ್ಮವರು ಬಿಳಿಮೀನು ಎನ್ನುವ ಮೀನು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಭಕ್ತರು ಪುರಿ ಎರಚಿ ಸಾಕುವ ದೇವರ ಮೀನುಗಳೂ ಇದೇ ಕುಲದವು. 1946ರಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು, ಸತ್ತ ಹುಲಿಗಳಿಗೆ ಜೀವಕಳೆ ಕೊಡುವುದರಲ್ಲಿ ಲೋಕಪ್ರಸಿದ್ಧರಾಗಿದ್ದವರು, ಮೈಸೂರು ಸೀಮೆಯ ಹೊಳೆಯಲ್ಲಿ 120 ಪೌಂಡಿನ ಮಹಸೀರನ್ನು ಹಿಡಿದರು. ನಮ್ಮ ಲೆಕ್ಕದಲ್ಲಿ ಐವತ್ತನಾಲ್ಕು ಕಿಲೋ, ನನಗಿಂತ ಎಂಟು ಕಿಲೋ ಮಾತ್ರ ಕಡಮೆ. ಇಂಥ ಮೀನಿಗೆ ಕಾವೇರಿಯ ಬೆಸ್ತರು ಹಾಕುತ್ತಿದ್ದ ಎರೆ ಯಾವುದು ಬಲ್ಲಿರೊ? ರಾಗಿಮುದ್ದೆ! ಗಟ್ಟಿಯಾಗಿ ಬೇಯಿಸಿ, ಚೆನ್ನಾಗಿ ನಾದಿ, ಗಾಳ ಮುಚ್ಚುವಂತೆ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದ ಮುದ್ದೆ. ಯಾವ ದೇಶದಿಂದ ಯಾವ ಎರೆ ತಂದವನೂ ಕೊನೆಗೆ ಈ ಮುದ್ದೆಗೆ ಶರಣಾಗುತ್ತಿದ್ದನಂತೆ. ನಮ್ಮ ನಾಡಿನ ಮೀನಿಗೆ ನಮ್ಮ ನಾಡಿನ ರುಚಿ.

ಆದರೆ ಆ ಕಥೆಯ ಕೊನೆ ಸುಖವಾಗಿಲ್ಲ. ಅಣೆಕಟ್ಟುಗಳು, ಮರಳು ತೋಡುವಿಕೆ, ಸಿಡಿಮದ್ದು ಹಾಕಿ ಮೀನು ಕೊಲ್ಲುವ ಪಾಪ, ಇವುಗಳ ಜೊತೆಗೆ ಒಳ್ಳೆಯ ಉದ್ದೇಶದಿಂದಲೇ ಸಾಕಿ ತಂದು ಬಿಟ್ಟ ಬೇರೆ ಜಾತಿಯ ನೀಲಿ ರೆಕ್ಕೆಯ ಮಹಸೀರ್. ಎಲ್ಲ ಸೇರಿ ಕಾವೇರಿಯ ಆ ಗೂನುಬೆನ್ನಿನ ದೈತ್ಯವನ್ನು ಮೂಲೆಗೆ ತಳ್ಳಿದವು. ಅದು ಶಾಸ್ತ್ರೀಯವಾಗಿ ಯಾವ ಜಾತಿಯೆಂದು ವಿಜ್ಞಾನಿಗಳು ಖಚಿತಪಡಿಸಿದ್ದೇ 2018ರಲ್ಲಿ. ರೆಮಾದೇವಿ ಎಂಬ ಮತ್ಸ್ಯವಿಜ್ಞಾನಿಯ ಹೆಸರಿನಿಂದ 'ಟಾರ್ ರೆಮಾದೇವಿ' ಎನ್ನುತ್ತಾರೆ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣದ ಮನೆಯಲ್ಲೇ ವೈದ್ಯರು ಕೈಚೆಲ್ಲಿ ನಿಂತಂತೆ! ಇಂದು ನನ್ನ ಬಳಿ ಆ ಮೀನನ್ನು ತಡೆಯಬಲ್ಲ ದಾರವಿದೆ. ತಡೆಯಲು ಆ ಮೀನಿಲ್ಲ.

ಇನ್ನು ಹುಸಿ ಎರೆಗಳ ವಿಷಯ. ನನ್ನ ಕಥೆ ಇರುವುದು ಇಲ್ಲೇ. ಎರೆಹುಳು ನಿಜವಾದ ಊಟ. ಕೊನೆಯಲ್ಲಿ ಮೋಸವಿದ್ದರೂ ಮೊದಲ ತುತ್ತು ಸತ್ಯ. ಹುಸಿ ಎರೆ ಆದ್ಯಂತವೂ ಸುಳ್ಳು. ಆದರೆ ಎಂಥ ಜಾಣ ಸುಳ್ಳು! ಲೋಹದ ಚಮಚ ನೀರಿನಲ್ಲಿ ಹೊರಳುತ್ತ ಸಣ್ಣ ಮೀನಿನ ಹೊಟ್ಟೆಯಂತೆ ಮಿನುಗುತ್ತದೆ. ಫಿನ್ಲೆಂಡಿನ ಲೌರಿ ರಾಪಾಲ ಎಂಬ ಮೀನುಗಾರ, ದೊಡ್ಡ ಮೀನು ಇಡೀ ಹಿಂಡನ್ನು ಬಿಟ್ಟು ಓಲಾಡುತ್ತಿರುವ ಒಂದೇ ಒಂದು ಮರಿಯನ್ನು ಹಿಡಿಯುವುದನ್ನು ಕಂಡ. 1936ರಲ್ಲಿ ಬೆಂಡನ್ನು ಕೆತ್ತಿ, ಹಾಗೆಯೇ ಓಲಾಡುವ ಒಂದು ಮರದ ಮೀನನ್ನು ಮಾಡಿದ. ಚಮಚ ಹಸಿವನ್ನು ಕರೆಯುತ್ತದೆ; ರಾಪಾಲನ ಮೀನು ಬಲಹೀನನ ಮೇಲೆ ಎರಗುವ ಬಲಿಷ್ಠನ ಚಪಲವನ್ನು ಕರೆಯುತ್ತದೆ. ಒಂದೊಂದು ಎರೆಯೂ ಮೀನಿನ ಒಂದೊಂದು ಸ್ವಭಾವಕ್ಕೆ ಬರೆದ ಸುಳ್ಳು ಪತ್ರ.

ಜೊಂಡಿನ ಮೀನಿಗೆ ರಬ್ಬರಿನ ಕಪ್ಪೆ. ಒಳಗೆ ಟೊಳ್ಳು, ಎರಡು ಗಾಳಗಳು ಬೆನ್ನಿಗೆ ಒತ್ತಿಕೊಂಡಿರುತ್ತವೆ, ಆದ್ದರಿಂದ ಹುಲ್ಲಿಗೆ ಸಿಕ್ಕುವುದಿಲ್ಲ. ಮೀನು ಕಚ್ಚಿದಾಗ ರಬ್ಬರು ಕುಗ್ಗಿ ಗಾಳ ಮೇಲೇಳುತ್ತದೆ. ಅದನ್ನು ಕುಪ್ಪಳಿಸುತ್ತ ಎಳೆಯಬೇಕು, ನಡುನಡುವೆ ನಿಲ್ಲಿಸಬೇಕು, ಮೀನು ಎಗರಿದ ಕೂಡಲೇ ಜಗ್ಗದೆ ಒಂದು ಉಸಿರಿನಷ್ಟು ಹೊತ್ತು ತಾಳಬೇಕು. ಬಿರುಸು ಕೋಲು, ಹೆಣಿಗೆಯ ದಾರ, ಹಸಿರು ಬೆನ್ನಿನ ಕಪ್ಪೆ: ಅಮೆರಿಕದ ಬಾಸ್‌ಗೆಂದು ಹುಟ್ಟಿದ ಈ ಮೂರೂ ನಮ್ಮ ಕೊರವನಿಗೆ ಕೈಗವಸಿನಂತೆ ಒಪ್ಪುತ್ತವೆ. ಎಲ್ಲವನ್ನೂ ಸರಿಯಾಗಿ ಆಯ್ದುಕೊಂಡಿದ್ದೇನೆಂಬ ಸಂತೋಷದಿಂದ ಮುಂಗಾರು ಹಿಡಿದ ಮೇಲೆ ಒಂದು ಮುಂಜಾನೆ ಮತ್ತೆ ಹಿನ್ನೀರಿಗೆ ಹೋದೆ.

ಜೊಂಡಿನ ಅಂಚಿನಲ್ಲಿ, ಮೊರದಗಲ ಜಾಗದಲ್ಲಿ, ನೀರು ಕೆಂಪಗೆ ಕಂಡಿತು. ಅನ್ನಕ್ಕಿಟ್ಟ ಎಸರು ಕುದಿಯುವಂತೆ ಅಲ್ಲಿ ಸಣ್ಣ ಸಣ್ಣ ಗುಳ್ಳೆ. ಏನೋ ವಿಶೇಷವಿರಬೇಕೆಂದುಕೊಂಡು ಕಪ್ಪೆಯನ್ನು ಅದರ ಆಚೆಗೆ ಎಸೆದು ಮೇಲಿನಿಂದ ಎಳೆದೆ. ನೀರು ಸಿಡಿಯಿತು. ಒಂದು ಉಸಿರು ತಾಳಿ ಕೋಲೆತ್ತಿದೆ. ಈ ಸಲ ಗಂಟು ನಿಂತಿತು, ದಾರ ನಿಂತಿತು, ಕೋಲು ನಿಂತಿತು. ಎರಡು ಕಿಲೋಗೆ ಕಡಮೆಯಿಲ್ಲದ ಕೊರವ ಹುಲ್ಲಿನ ಮೇಲೆ ಬಂದು ಬಿತ್ತು. ನಾನು ವಿಜಯೋತ್ಸಾಹದಿಂದ ಮುದುಕನನ್ನು ಕೂಗಿದೆ.

ಅವನು ಬಂದ. ಮೀನನ್ನು ನೋಡಲಿಲ್ಲ, ನೀರನ್ನು ನೋಡಿದ.

"ಅದು ಹೊಟ್ಟೆ ಹಸ್ದು ಕಚ್ಚಿದ್ದಲ್ಲ ಮೇಷ್ಟ್ರೆ. ಮಕ್ಳ ಕಾಯ್ತಾ ಇತ್ತು. ಆ ಕೆಂಪಗಿರೋದು ಅದರ ಮರಿಗಳು."

ನನಗೆ ಮಾತು ಹೊರಡಲಿಲ್ಲ. ಕೊರವನ ಮರಿಗಳು ಕೆಂಪು. ಗಾಳಿಗಾಗಿ ಒಟ್ಟಾಗಿ ಮೇಲೆ ಬರುತ್ತವೆ, ಹೆತ್ತವು ಕೆಳಗೆ ಕಾವಲಿರುತ್ತವೆ, ಮರಿಗಳ ಮೇಲೆ ಯಾವುದು ಸುಳಿದರೂ ಎರಗುತ್ತವೆ. ಪುಸ್ತಕದಲ್ಲಿ ಇದನ್ನು ಓದಿದ್ದೆ. ಓದಿದ್ದುದು ಕಣ್ಣೆದುರು ಕುದಿಯುತ್ತಿದ್ದಾಗ ಗುರುತಿಸಲಿಲ್ಲ. ನನ್ನ ಕಪ್ಪೆ ಆ ಮೀನಿಗೆ ಆಹಾರವಾಗಿ ಕಾಣಲಿಲ್ಲ. ಮಕ್ಕಳ ನೆತ್ತಿಯ ಮೇಲೆ ಬಂದ ಶತ್ರುವಾಗಿ ಕಂಡಿತು.

ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿದೆ. ಹಿಮ್ಮುಳ್ಳಿಲ್ಲದ್ದರಿಂದ ಸುಲಭವಾಗಿ ಬಂತು. ಮೀನನ್ನು ಎತ್ತಿದ ಜಾಗಕ್ಕೇ ಕೊಂಡೊಯ್ದು, ಮಂಡಿಯುದ್ದ ನೀರಿನಲ್ಲಿ ನಿಂತು ಬಿಟ್ಟೆ. ಅದು ಒಂದು ಗಳಿಗೆ ನನ್ನ ಕಾಲ ಬಳಿಯೇ ನಿಂತು, ಅನಂತರ ಜೊಂಡಿನತ್ತ ಹೋಯಿತು. ಅಷ್ಟರಲ್ಲಿ ಆ ಕೆಂಪು ಮಚ್ಚೆಯ ಸುತ್ತ ನೀರು ಅಲ್ಲಲ್ಲಿ ಸೀಳತೊಡಗಿತ್ತು. ಬೇರೆ ಮೀನುಗಳಿಗೆ ಸುದ್ದಿ ಮುಟ್ಟಿತ್ತು. ಮಚ್ಚೆ ಎರಡಾಯಿತು, ನಾಲ್ಕಾಯಿತು, ಕಾಣದಾಯಿತು.

"ಜೋಡಿ ಇನ್ನೊಂದು ಇದ್ರೂ ಇರಬೈದು ಬುಡಿ" ಎಂದ ಮುದುಕ. ಸಮಾಧಾನಕ್ಕೆ ಹೇಳಿದನೋ, ನಿಜವಾಗಿಯೇ ಹೇಳಿದನೋ ಅರಿಯೆ. ಎಂಟೂವರೆಯ ತನಕ ಕಾದೆ. ಕೆಂಪು ಮತ್ತೆ ಕಾಣಲಿಲ್ಲ.

ಮನೆಗೆ ಬಂದಾಗ ನಾಲ್ಕು ವರ್ಷದ ಮಗಳು ಗೇಟಿನ ಸರಳು ಹಿಡಿದು ನಿಂತಿದ್ದಳು. ಬೀದಿನಾಯಿಯೊಂದು ಅವಳ ಹತ್ತಿರ ಬಂತು. ನಾನು ಚೀಲ ಅಲ್ಲೇ ಬಿಸಾಡಿ, ಅದು ನಿರಪರಾಧಿ ನಾಯಿಯೆಂದು ತಿಳಿದಿದ್ದರೂ, ಹಾ ಎಂದು ಅದರ ಮೇಲೆ ಎರಗಿದೆ. ನನ್ನಾಕೆ ಬಾಗಿಲಲ್ಲಿ ನಿಂತು, "ಯಾಕೆ, ಏನಾಯಿತು ನಿಮಗೆ?" ಎಂದಳು. ಏನಾಯಿತೆಂದು ಹೇಳಲು ಅಂದು ರಾತ್ರಿಯವರೆಗೂ ನನ್ನಿಂದಾಗಲಿಲ್ಲ.

ನಾನು ಗಾಳ ಬಿಟ್ಟೆನೆಂದು ಹೇಳಿದರೆ ಸುಳ್ಳಾದೀತು. ಪರವಾನಗಿಯುಳ್ಳ ನೀರಿನಲ್ಲಿ ಈಗಲೂ ಗಾಳ ಹಾಕುತ್ತೇನೆ. ಒಂದೆರಡು ಮೀನು ಮನೆಗೂ ಬರುತ್ತವೆ, ಮುದ್ದೆಯ ಜೊತೆಗೆ ಸಾರಾಗುತ್ತವೆ. ಯಾರಾದರೂ ಹೊಸಬರು ಕೋಲು ದಾರಗಳ ಬಗ್ಗೆ ಕೇಳಿದರೆ ಅಂಕಿಗಳನ್ನು ಓದಿ ಎನ್ನುತ್ತೇನೆ, ಗಂಟಿಗೆ ಎಂಜಲು ಹಚ್ಚಿ ಎನ್ನುತ್ತೇನೆ, ಹಿಮ್ಮುಳ್ಳು ಒತ್ತಿ ಎನ್ನುತ್ತೇನೆ. ಎರೆಯ ವಿಷಯ ಬಂದಾಗ ಮಾತ್ರ ತುಸು ತಡೆದು, ಮುಂಗಾರಿನಲ್ಲಿ ಕೆಂಪು ನೀರು ಕಂಡರೆ ಕೋಲು ಮಡಿಸಿಕೊಂಡು ಬೇರೆ ಕಡೆ ಹೋಗಿ ಎನ್ನುತ್ತೇನೆ. ಹಸಿವಿಗೆ ಸುಳ್ಳು ಹೇಳಬಹುದು, ಚಪಲಕ್ಕೂ ಹೇಳಬಹುದು. ಮಕ್ಕಳನ್ನು ಕಾಯುವವರಿಗೆ ಹೇಳಬಾರದು.

ಹಸಿರು ಕಪ್ಪೆಯ ಗಾಳಗಳನ್ನು ಇಕ್ಕಳದಿಂದ ಕಿತ್ತುಹಾಕಿದ್ದೇನೆ. ಅದೀಗ ನಮ್ಮ ಬಚ್ಚಲುಮನೆಯ ಬಕೀಟಿನಲ್ಲಿದೆ. ಮಗಳು ಸ್ನಾನ ಮಾಡುವಾಗ ಅದನ್ನು ಮುಳುಗಿಸುತ್ತಾಳೆ. ಅದು ಮತ್ತೆ ಮತ್ತೆ ಮೇಲೆ ಬರುತ್ತದೆ.